ಮೂತ್ರಪಿಂಡ ಸೋತಾಗ ದಾಂಪತ್ಯ

ನಂಜನಗೂಡೆಂದರೆ ನಮ್ಮ ಮೈಸೂರು ಸೀಮೆಯವರಿಗೆ ಮೊದಲಿನಿಂದಲೂ ವೈದ್ಯದ ಊರು. ಹಾಲಾಹಲವನ್ನು ಕುಡಿದು ಕಂಠದಲ್ಲಿಯೇ ತಡೆದು ನಿಲ್ಲಿಸಿದ ಶ್ರೀಕಂಠೇಶ್ವರನು ಅಲ್ಲಿ ರೋಗಹರನೆಂದು ಪೂಜೆಗೊಳ್ಳುತ್ತಾನೆ. ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣಿನ ಬೇನೆ ಈ ಸ್ವಾಮಿಯ ಸೇವೆಯಿಂದ ವಾಸಿಯಾಯಿತೆಂದೂ, ಸುಲ್ತಾನನು ಪಚ್ಚೆಯ ಲಿಂಗವೊಂದನ್ನು ಒಪ್ಪಿಸಿ ಸ್ವಾಮಿಯನ್ನು ‘ಹಕೀಂ ನಂಜುಂಡ’ ಎಂದು ಕರೆದನೆಂದೂ ಐತಿಹ್ಯವಿದೆ. ಬಹುದಿನದ ಕಾಯಿಲೆಯವರು ಕಪಿಲೆಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲಿ ಉರುಳುಸೇವೆ ಮಾಡುವುದನ್ನು ಇಂದಿಗೂ ಕಾಣಬಹುದು. ಹೊಟ್ಟೆನೋವು, ಚರ್ಮರೋಗ, ಮಕ್ಕಳಿಲ್ಲದ ಕೊರಗು ಎಲ್ಲವನ್ನೂ ಭಕ್ತರು ಆ ಸನ್ನಿಧಿಯಲ್ಲಿ ಬಾಯಿಬಿಟ್ಟು ಹೇಳಿಕೊಳ್ಳುತ್ತಾರೆ. ಆದರೆ ದೇವರ ಮುಂದೆಯೂ ಹೇಳಿಕೊಳ್ಳಲು ನಾಚುವ ಬೇನೆಯೊಂದುಂಟು. ಗಂಡಸಾದವನು ಅದನ್ನು ಹೆಂಡತಿಗೆ ಹೇಳುವುದಿಲ್ಲ. ವಾರಕ್ಕೆರಡು ಬಾರಿ ತನ್ನನ್ನು ಪರೀಕ್ಷಿಸುವ ವೈದ್ಯರಿಗೂ ಹೇಳುವುದಿಲ್ಲ. ಮೂತ್ರಪಿಂಡದ ರೋಗಿಗಳಲ್ಲಿ ಕಾಣುವ ನಿಮಿರುವಿಕೆಯ ದೌರ್ಬಲ್ಯವೇ ಆ ಬೇನೆ. ಈ ಮಾತನ್ನು ಮನೆಮಂದಿ ಓದುವ ಪತ್ರಿಕೆಯಲ್ಲಿ ಎತ್ತಬಹುದೆ ಎಂದು ಕೆಲವರು ಹುಬ್ಬೇರಿಸಿಯಾರು. ವೈದ್ಯೆಯೂ ಲೇಖಕಿಯೂ ಆಗಿದ್ದ ಡಾ. ಅನುಪಮಾ ನಿರಂಜನ ಅವರು ‘ದಾಂಪತ್ಯ ದೀಪಿಕೆ’ಯನ್ನು ಬರೆದು ಕನ್ನಡದ ಮನೆಗಳಿಗೆ ಈ ವಿಷಯಗಳನ್ನು ಮರ್ಯಾದೆಯಿಂದ ತಿಳಿಸಿ ಎಷ್ಟೋ ಕಾಲವಾಯಿತು. ನಾವು ಇನ್ನೂ ಸಂಕೋಚಪಡಬೇಕಾದ ಕಾರಣವಿಲ್ಲ.

ನಮ್ಮ ದೇಹದಲ್ಲಿಯೂ ನಂಜಿನ ಕೆಲಸ ನೋಡಿಕೊಳ್ಳುವವರು ಇಬ್ಬರಿದ್ದಾರೆ. ಬೆನ್ನಿನ ಕಡೆ, ಪಕ್ಕೆಲುಬುಗಳ ಮರೆಯಲ್ಲಿ, ಒಂದೊಂದು ಮುಷ್ಟಿಯಷ್ಟು ಗಾತ್ರದ, ಅವರೆಕಾಳಿನ ಆಕಾರದ ಎರಡು ಮೂತ್ರಪಿಂಡಗಳು. ಶಿವನು ನಂಜನ್ನು ಕಂಠದಲ್ಲಿ ಇಟ್ಟುಕೊಂಡನು. ಇವು ಅದನ್ನು ಹೊರಗೆ ಕಳುಹಿಸುತ್ತವೆ. ದಿನವೊಂದಕ್ಕೆ ಸುಮಾರು ೧೮೦ ಲೀಟರು ದ್ರವವನ್ನು ರಕ್ತದಿಂದ ಸೋಸಿ, ಬೇಕಾದುದನ್ನೆಲ್ಲ ಮರಳಿ ಹೀರಿಕೊಂಡು, ಒಂದೂವರೆ ಎರಡು ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ. ಸಕ್ಕರೆ ಕಾಯಿಲೆಯಿಂದಲೋ ರಕ್ತದ ಒತ್ತಡದಿಂದಲೋ ಇವು ಸವೆದು ಕೆಲಸ ನಿಲ್ಲಿಸಿದರೆ ಆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬೇಕಾಗುತ್ತದೆ. ೧೯೪೩ರಲ್ಲಿ, ಯುದ್ಧದ ನಡುವೆ, ಹಾಲೆಂಡಿನ ಕಾಂಪೆನ್ ಎಂಬ ಪುಟ್ಟ ಊರಿನಲ್ಲಿ ವಿಲ್ಲೆಂ ಕೋಲ್ಫ್ ಎಂಬ ವೈದ್ಯರು ಕಟ್ಟಿದ ಯಂತ್ರದ ಸಂತತಿಯೇ ಇಂದಿನ ಡಯಾಲಿಸಿಸ್ ಯಂತ್ರ. ಒಂದು ಕಾಲಕ್ಕೆ ದೊಡ್ಡ ನಗರಗಳ ಆಸ್ಪತ್ರೆಗಳಿಗೆ ಮಾತ್ರ ಮೀಸಲಾಗಿದ್ದ ಈ ಚಿಕಿತ್ಸೆ ಇಂದು ನಮ್ಮ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಿಗೂ ಬಂದಿದೆ. ಕಪಿಲೆಯ ದಡದ ನಂಜನಗೂಡಿನವರಾಗಲಿ, ಅದೇ ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದವರಾಗಲಿ, ಪ್ರತಿ ಸರದಿಗೂ ಮೈಸೂರಿನ ಬಸ್ಸು ಹಿಡಿಯಬೇಕಾದ ಕಷ್ಟ ಅಷ್ಟುಮಟ್ಟಿಗೆ ತಗ್ಗಿದೆ.

ಒಂದು ಸರದಿಗೆ ನಾಲ್ಕು ಗಂಟೆ. ಆ ನಾಲ್ಕು ಗಂಟೆಗಳಲ್ಲಿ ಶುದ್ಧಗೊಳಿಸಿದ ಸುಮಾರು ೧೨೦ ಲೀಟರು ನೀರು ರೋಗಿಯ ರಕ್ತದ ಪಕ್ಕದಲ್ಲಿ, ತೆಳುವಾದ ಪೊರೆಯೊಂದರ ಆಚೆಗೆ, ಹರಿದುಹೋಗುತ್ತದೆ. ಹಾಗೆ ಹರಿಯುವ ನೀರಿನ ಎದುರಿಗೆ ಮಲಗಿರುವ ಮನುಷ್ಯನಿಗೆ ಮಾತ್ರ ಕುಡಿಯುವ ನೀರೂ ಅಳತೆಯ ಲೋಟದಲ್ಲಿ! ಎಳನೀರು ಕೂಡದು. ನಂಜನಗೂಡಿನ ರಸಬಾಳೆಯ ಸುಗಂಧವನ್ನು ಸವಿಯಬಹುದೇ ಹೊರತು ಹಣ್ಣನ್ನು ತಿನ್ನುವಂತಿಲ್ಲ; ಅದರಲ್ಲಿರುವ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಈ ನಿಷೇಧಗಳನ್ನೆಲ್ಲ ದಾದಿಯರು ಒಂದೊಂದಾಗಿ ಹೇಳಿಕೊಡುತ್ತಾರೆ. ದಾಂಪತ್ಯದ ವಿಷಯವನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಸಂಗಮದ ಬದಿಯಲ್ಲಿ ಭತ್ತ, ಕಬ್ಬು ಬೆಳೆದುಕೊಂಡಿರುವ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಹೆಸರು ಬೇಡ, ಇಂಥ ಸಂಸಾರಗಳು ಎಲ್ಲ ಊರುಗಳಲ್ಲಿಯೂ ಇವೆ. ಯಜಮಾನನಿಗೆ ನಲವತ್ತೆರಡು ವರ್ಷ. ಸಕ್ಕರೆ ಕಾಯಿಲೆ ಹನ್ನೆರಡು ವರ್ಷದ್ದು, ಡಯಾಲಿಸಿಸ್ ಒಂದು ವರ್ಷದ್ದು. ಕೆಲವು ತಿಂಗಳಿನಿಂದ ಅವನು ಚಾಪೆಯನ್ನು ಹೊರಜಗಲಿಗೆ ಒಯ್ದಿದ್ದಾನೆ.

“ಏನೂಂದ್ರೆ, ಒಳಗೇ ಮಲಗಬಾರದೆ? ಹೊರಗೆ ಇಬ್ಬನಿ ಬೀಳುತ್ತದೆ.”

“ಸೆಕೆ ಕಣೇ.”

ಮಾಗಿಯ ಚಳಿಯಲ್ಲಿ ಸೆಕೆ! ಹೆಂಡತಿ ಮತ್ತೇನೂ ಕೇಳುವುದಿಲ್ಲ. ತನ್ನ ಮೇಲೆ ಅವರಿಗೆ ಮನಸ್ಸು ಮುರಿಯಿತೋ, ಆಸ್ಪತ್ರೆಯ ಖರ್ಚಿಗೆ ತನ್ನ ತೌರಿನವರು ಕೈ ನೀಡಲಿಲ್ಲವೆಂಬ ಸಿಟ್ಟೋ ಎಂದು ಒಳಗೊಳಗೇ ಲೆಕ್ಕ ಹಾಕುತ್ತಾಳೆ. ಅವನು ಹೊರಗೆ ತಾನು ಗಂಡಸೇ ಅಲ್ಲವೆಂದು ಕೊರಗುತ್ತಾನೆ. ಇಬ್ಬರ ಲೆಕ್ಕವೂ ತಪ್ಪು. ತಪ್ಪಿರುವುದು ರಕ್ತನಾಳದಲ್ಲಿ, ನರದಲ್ಲಿ, ರಕ್ತದ ರಾಸಾಯನಿಕ ಸ್ಥಿತಿಯಲ್ಲಿ. ಬಹುಮಟ್ಟಿಗೆ ಅದಕ್ಕೆ ಪರಿಹಾರವೂ ಉಂಟು.

ಇವನೊಬ್ಬನೇ ಅಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುವ ಗಂಡಸರಲ್ಲಿ ಹತ್ತಕ್ಕೆ ಏಳು ಮಂದಿಗಾದರೂ ಈ ದೌರ್ಬಲ್ಯ ಹೆಚ್ಚು ಕಡಿಮೆ ಇರುತ್ತದೆಂದು ಅನೇಕ ದೇಶಗಳ ಸಮೀಕ್ಷೆಗಳು ತೋರಿಸಿವೆ. ಅಂದರೆ ಆ ಕೋಣೆಯಲ್ಲಿ ಅಕ್ಕಪಕ್ಕದ ಹಾಸಿಗೆಗಳಲ್ಲಿ ಮಲಗಿ ಮಳೆ ಬೆಳೆಯ ಮಾತನಾಡುತ್ತಿರುವ ಹಲವರು ಒಂದೇ ಗುಟ್ಟನ್ನು ಪರಸ್ಪರ ಬಚ್ಚಿಡುತ್ತಿರುತ್ತಾರೆ.

ಹಿಂದೆ ವೈದ್ಯರೇ ಈ ದೋಷವನ್ನು ಬಹುಪಾಲು ಮನಸ್ಸಿನ ತಲೆಗೆ ಕಟ್ಟುತ್ತಿದ್ದರು. ಈಗ ದೇಹದ ಕಡೆಯಿಂದ ನಡೆಯುವುದೇನೆಂಬುದು ಚೆನ್ನಾಗಿ ತಿಳಿದಿದೆ. ಮನಸ್ಸು ಪ್ರೇರಿತವಾದಾಗ ನರಗಳ ತುದಿಯಿಂದಲೂ ರಕ್ತನಾಳದ ಒಳಪದರದಿಂದಲೂ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಅತ್ಯಲ್ಪ ಪ್ರಮಾಣದಲ್ಲಿ ಹೊರಡುತ್ತದೆ. ಅದರ ಸೂಚನೆಗೆ ಜನನೇಂದ್ರಿಯದ ಮೃದುಸ್ನಾಯುಗಳು ಸಡಿಲಗೊಂಡು ರಕ್ತ ತುಂಬಿಕೊಳ್ಳುತ್ತದೆ. ಒಂದು ಸಣ್ಣ ಅನಿಲ ದೇಹದಲ್ಲಿ ದೂತನ ಕೆಲಸ ಮಾಡುತ್ತದೆಂಬುದನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಎಂಬ ಮೂವರು ಅಮೆರಿಕದ ವಿಜ್ಞಾನಿಗಳಿಗೆ ೧೯೯೮ರ ನೊಬೆಲ್ ಪಾರಿತೋಷಕ ಸಂದಿತು.

ಮೂತ್ರಪಿಂಡ ಸೋತ ದೇಹದಲ್ಲಿ ಈ ಕ್ರಮದ ಪ್ರತಿಯೊಂದು ಹಂತಕ್ಕೂ ಪೆಟ್ಟು ಬೀಳುತ್ತದೆ. ರಕ್ತನಾಳಗಳು ಗಡುಸಾಗಿ ಒಳಪದರ ಕೆಡುತ್ತದೆ. ಸಕ್ಕರೆಯೂ ನಂಜೂ ಸೇರಿ ನರಗಳನ್ನು ಮಂಕಾಗಿಸುತ್ತವೆ. ಪುರುಷ ಹಾರ್ಮೋನಾದ ಟೆಸ್ಟೋಸ್ಟೆರಾನ್ ಇಳಿಯುತ್ತದೆ. ಹಾಲೂಡುವ ತಾಯಂದಿರಲ್ಲಿ ಹೆಚ್ಚಾಗಬೇಕಾದ ಪ್ರೊಲ್ಯಾಕ್ಟಿನ್ ಗಂಡಸಿನ ರಕ್ತದಲ್ಲಿ ಏರುತ್ತದೆ. ಮೂತ್ರಪಿಂಡವು ತಯಾರಿಸಬೇಕಾದ ಎರಿಥ್ರೊಪೊಯೆಟಿನ್ ಇಲ್ಲದೆ ರಕ್ತ ಕೆಂಪು ಕಳೆದುಕೊಂಡು, ಮೆಟ್ಟಿಲು ಹತ್ತುವುದೇ ಭಾರವಾಗುತ್ತದೆ. ಇಷ್ಟರ ಮೇಲೆ ಮನಸ್ಸಿನ ಕುಗ್ಗು ಬೇರೆ. ಮನಸ್ಸಿಗೆ ಇದರಲ್ಲಿ ಪಾತ್ರವೇ ಇಲ್ಲವೆಂದು ಯಾರೂ ಹೇಳರು. ಅದೊಂದೇ ಕಾರಣವೆಂದು ಹೇಳುವುದು ತಪ್ಪು.

ಇನ್ನೊಂದು ಕಾರಣ ಕೈಯಲ್ಲಿರುವ ಮಾತ್ರೆಗಳ ಚೀಲದಲ್ಲಿಯೇ ಇರಬಹುದು. ರಕ್ತದ ಒತ್ತಡಕ್ಕೆ ಕೊಡುವ ಅಟೆನೊಲಾಲ್, ಕ್ಲೋನಿಡಿನ್, ಮೂತ್ರ ಹೆಚ್ಚಿಸುವ ಕೆಲವು ಮಾತ್ರೆಗಳು, ಸ್ಪೈರನೊಲ್ಯಾಕ್ಟೋನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಮನಸ್ಸಿನ ಕುಗ್ಗಿಗೆ ಕೊಡುವ ಕೆಲವು ಔಷಧಗಳು ಈ ದೌರ್ಬಲ್ಯವನ್ನು ತರಬಲ್ಲವು ಅಥವಾ ಹೆಚ್ಚಿಸಬಲ್ಲವು. ಇಲ್ಲಿಯೇ ದೊಡ್ಡ ಅಪಾಯವೊಂದಿದೆ. ಮೂತ್ರಪಿಂಡ ಇನ್ನೂ ಪೂರ್ತಿ ಸೋತಿರದ ರೋಗಿಯೊಬ್ಬ ಇದನ್ನು ಎಲ್ಲಿಯೋ ಕೇಳಿ, ಯಾರಿಗೂ ಹೇಳದೆ ಒತ್ತಡದ ಮಾತ್ರೆಯನ್ನು ನಿಲ್ಲಿಸಿಬಿಟ್ಟನೆಂದರೆ, ಹತ್ತು ವರ್ಷ ತಾಳಬಹುದಾಗಿದ್ದ ಮೂತ್ರಪಿಂಡ ಎರಡೇ ವರ್ಷದಲ್ಲಿ ಕೈಕೊಡಬಹುದು. ನಾಚಿಕೆ ಬಿಟ್ಟು ಒಂದು ಮಾತು ಹೇಳಿದ್ದರೆ ವೈದ್ಯರು ಬೇರೆ ಬಗೆಯ ಮಾತ್ರೆಯನ್ನು ಬರೆದುಕೊಡುತ್ತಿದ್ದರು. ಒತ್ತಡಕ್ಕೆ ಔಷಧಗಳಿಗೇನು ಕಡಿಮೆ?

ಆದುದರಿಂದ ಚಿಕಿತ್ಸೆಯ ಮೊದಲ ಹೆಜ್ಜೆ ಹೊಸ ಮಾತ್ರೆಯಲ್ಲ, ಇರುವುದರ ತಪಾಸಣೆ. ಡಯಾಲಿಸಿಸ್ ಸಾಕಷ್ಟು ನಡೆಯುತ್ತಿದೆಯೆ? ವಾರಕ್ಕೆ ಮೂರು ಬಾರಿ ಬೇಕಾದವನು ಬಸ್ಸಿನ ಖರ್ಚಿಗೂ ಕೂಲಿ ತಪ್ಪುವುದಕ್ಕೂ ಅಂಜಿ ಒಂದು ಸರದಿಯನ್ನು ಬಿಡುತ್ತಿದ್ದಾನೆಯೆ? ರಕ್ತಹೀನತೆಗೆ ಎರಿಥ್ರೊಪೊಯೆಟಿನ್ ಚುಚ್ಚುಮದ್ದೂ ಕಬ್ಬಿಣಾಂಶವೂ ಸರಿಯಾಗಿ ಸಲ್ಲುತ್ತಿವೆಯೆ? ರಕ್ತ ಸುಧಾರಿಸಿದೊಡನೆ ದೇಹಕ್ಕೆ ಹುರುಪು ಬಂದು, ಕೆಲವರಲ್ಲಿ ಅಷ್ಟರಿಂದಲೇ ದಾಂಪತ್ಯವೂ ಸುಧಾರಿಸಿರುವುದುಂಟು. ಬೀಡಿ ಸಿಗರೇಟು ಬಿಡುವ ಮಾತನ್ನು ಎಲ್ಲ ವೈದ್ಯರೂ ಹೇಳುತ್ತಾರೆ. ಇಲ್ಲಿ ಆ ಮಾತಿಗೆ ದುಪ್ಪಟ್ಟು ಅರ್ಥ. ಟೆಸ್ಟೋಸ್ಟೆರಾನನ್ನು ರಕ್ತಪರೀಕ್ಷೆಯಲ್ಲಿ ನಿಜವಾಗಿಯೂ ಕಡಿಮೆಯೆಂದು ಕಂಡವರಿಗೆ ಮಾತ್ರ ಕೊಡುತ್ತಾರೆ. ಅದೊಂದರಿಂದಲೇ ಎಲ್ಲವೂ ನೆಟ್ಟಗಾಗುವುದೆಂಬ ಆಸೆ ಬೇಡ.

ಇನ್ನು ಆ ಪ್ರಸಿದ್ಧ ಮಾತ್ರೆಯ ವಿಷಯ. ಇಂಗ್ಲೆಂಡಿನ ಕೆಂಟ್ ಪ್ರಾಂತದ ಸ್ಯಾಂಡ್‌ವಿಚ್ ಎಂಬ ಊರಿನ ಪ್ರಯೋಗಶಾಲೆಯಲ್ಲಿ ಫೈಜರ್ ಕಂಪನಿಯ ವಿಜ್ಞಾನಿಗಳು ಎದೆನೋವಿಗೆಂದು ಸಿಲ್ಡೆನಾಫಿಲ್ ಎಂಬ ಔಷಧವನ್ನು ಸಿದ್ಧಪಡಿಸಿದರು. ಎದೆನೋವಿಗೆ ಅದು ಹೇಳಿಕೊಳ್ಳುವಂಥ ಗುಣ ತೋರಲಿಲ್ಲ. ಪ್ರಯೋಗಕ್ಕೆ ಒಳಪಟ್ಟ ಗಂಡಸರಲ್ಲಿ ಬೇರೆಯೇ ಗುಣ ಕಾಣಿಸಿತು! ೧೯೯೮ರ ಮಾರ್ಚಿನಲ್ಲಿ ಅಮೆರಿಕದ ಸರ್ಕಾರ ಅದಕ್ಕೆ ಒಪ್ಪಿಗೆ ನೀಡಿತು. ನೈಟ್ರಿಕ್ ಆಕ್ಸೈಡ್ ಕೊಟ್ಟ ಸೂಚನೆಯನ್ನು ಅಳಿಸಿಹಾಕುವ ಕಿಣ್ವವೊಂದನ್ನು ಈ ಔಷಧ ತಡೆಯುತ್ತದೆ. ಅದು ಆಸೆಯನ್ನು ಹುಟ್ಟಿಸುವುದಿಲ್ಲ. ಹುಟ್ಟಿದ ಆಸೆಗೆ ದೇಹ ಓಗೊಡುವಂತೆ ಮಾಡುತ್ತದೆ, ಅಷ್ಟೆ. ಮೂತ್ರಪಿಂಡದ ರೋಗಿಗಳಿಗೆ ಇದು ಸಲ್ಲುವುದೆ? ೨೦೦೨ರಲ್ಲಿ ಬ್ರೆಜಿಲ್ ದೇಶದ ವೈದ್ಯರು ಡಯಾಲಿಸಿಸ್‌ನಲ್ಲಿದ್ದ ಸುಮಾರು ನಲವತ್ತು ಗಂಡಸರಲ್ಲಿ ಪರೀಕ್ಷಿಸಿದಾಗ, ಔಷಧ ಪಡೆದವರಲ್ಲಿ ಹೆಚ್ಚಿನವರು ಸುಧಾರಿಸಿದರು. ಔಷಧವಿಲ್ಲದ ಹುಸಿಮಾತ್ರೆ ಪಡೆದವರಲ್ಲಿ ಸುಧಾರಿಸಿದವರು ಬೆರಳೆಣಿಕೆಯಷ್ಟು ಮಂದಿ. ಅಂದಿನಿಂದ ಇತರರು ನಡೆಸಿದ ಪರೀಕ್ಷೆಗಳೂ ಇದೇ ದಿಕ್ಕಿನಲ್ಲಿವೆ.

ಆದರೆ ಅಳತೆ ಬೇರೆ. ಆರೋಗ್ಯವಂತನು ೫೦ ಮಿಲಿಗ್ರಾಮಿನಿಂದ ಪ್ರಾರಂಭಿಸಿದರೆ, ಮೂತ್ರಪಿಂಡ ತೀರ ಸೋತವನಿಗೆ ೨೫ ಮಿಲಿಗ್ರಾಮಿನಿಂದ ಪ್ರಾರಂಭಿಸುತ್ತಾರೆ. ಹೆಚ್ಚು ಕಾಲ ದೇಹದಲ್ಲಿ ಉಳಿಯುವ ಟಡಲಾಫಿಲ್ ಆದರೆ ಡಯಾಲಿಸಿಸ್ ರೋಗಿಗೆ ೫ ಮಿಲಿಗ್ರಾಮಿಗಿಂತ ಹೆಚ್ಚು ಸಲ್ಲದು. ಅದೂ ೭೨ ಗಂಟೆಗಳಿಗೆ ಒಮ್ಮೆ ಮಾತ್ರ. ಯಂತ್ರದಲ್ಲಿ ರಕ್ತ ತೊಳೆದರೂ ಈ ಔಷಧಗಳು ತೊಳೆದುಹೋಗುವುದಿಲ್ಲವೆಂಬುದನ್ನು ನೆನಪಿಡಬೇಕು. ಡಯಾಲಿಸಿಸ್ ನಡೆಯುವಾಗ ಮೊದಲೇ ರಕ್ತದ ಒತ್ತಡ ಇಳಿಯುವ ಸಂಭವವಿರುವುದರಿಂದ ಸರದಿಗೆ ಮುಂಚೆ ಇವುಗಳನ್ನು ನುಂಗಬಾರದು. ಸರದಿಯಿಲ್ಲದ ದಿನವೇ ಮೇಲು. ಒತ್ತಡಕ್ಕೆ ಪ್ರಾಜೋಸಿನ್, ಪ್ರಾಸ್ಟೇಟ್ ಗ್ರಂಥಿಗೆ ಟ್ಯಾಮ್ಸುಲೋಸಿನ್ ಸೇವಿಸುತ್ತಿರುವವರಲ್ಲಿ ಎರಡೂ ಸೇರಿ ತಲೆಸುತ್ತಿ ಬೀಳಬಹುದು. ಈ ಅಂಕಿಗಳನ್ನು ಇಲ್ಲಿ ಬರೆದಿರುವುದು ಓದುಗರು ತಾವೇ ಅಂಗಡಿಯಿಂದ ತರಲೆಂದಲ್ಲ; ಗೆಳೆಯನೊಬ್ಬ “ನಾನು ತೆಗೆದುಕೊಂಡೆ, ಏನೂ ಆಗಲಿಲ್ಲ” ಎಂದು ಕೊಟ್ಟ ೧೦೦ ಮಿಲಿಗ್ರಾಮಿನ ಮಾತ್ರೆ ಇವರಿಗೆ ಎಷ್ಟು ಹೊರತಾದುದೆಂದು ತಿಳಿಯಲೆಂದು.

ಎಲ್ಲಕ್ಕಿಂತ ಮಿಗಿಲಾದ ಎಚ್ಚರಿಕೆ ಹೃದಯದ್ದು. ಜನನೇಂದ್ರಿಯದ ರಕ್ತನಾಳಗಳು ಒಂದೆರಡು ಮಿಲಿಮೀಟರು ಅಗಲದವು. ಹೃದಯದವು ಮೂರು ನಾಲ್ಕು ಮಿಲಿಮೀಟರು. ಒಂದೇ ಕಾಯಿಲೆ ಎರಡನ್ನೂ ಕಟ್ಟಿಸುವುದಾದರೆ ಸಣ್ಣ ಕಾಲುವೆ ಮೊದಲು ಕಟ್ಟಿಕೊಳ್ಳುವುದು ಸಹಜವಷ್ಟೆ. ಹೀಗಾಗಿ ಈ ದೌರ್ಬಲ್ಯವು ಎಷ್ಟೋ ವೇಳೆ ಹೃದ್ರೋಗದ ಮುನ್ಸೂಚನೆಯಾಗಿರುತ್ತದೆ. ಮಾತ್ರೆ ಬರೆಯುವ ಮೊದಲು ವೈದ್ಯರು ಹೃದಯವನ್ನು ಪರೀಕ್ಷಿಸುವುದು ಈ ಕಾರಣದಿಂದ. ಎದೆನೋವಿಗೆ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಸಾರ್ಬಿಟ್ರೇಟ್ ಮತ್ತು ಆ ಜಾತಿಯ ಎಲ್ಲ ನೈಟ್ರೇಟ್ ಔಷಧಗಳಿಗೂ ಸಿಲ್ಡೆನಾಫಿಲ್ ಗುಂಪಿನ ಮಾತ್ರೆಗಳಿಗೂ ಪರಮ ವೈರ. ಎರಡೂ ಕೂಡಿದರೆ ರಕ್ತದ ಒತ್ತಡ ಪಾತಾಳಕ್ಕೆ ಇಳಿದು ಪ್ರಾಣವೇ ಹೋಗಬಹುದು. ಸಿಲ್ಡೆನಾಫಿಲ್ ನುಂಗಿದ ಮೇಲೆ ಕನಿಷ್ಠ ೨೪ ಗಂಟೆ, ಟಡಲಾಫಿಲ್ ನುಂಗಿದ ಮೇಲೆ ಕನಿಷ್ಠ ೪೮ ಗಂಟೆ ನೈಟ್ರೇಟ್ ಕೊಡಬಾರದು. ರಾತ್ರಿ ಎದೆನೋವೆಂದು ರೋಗಿಯನ್ನು ಆಸ್ಪತ್ರೆಗೆ ಹೊತ್ತೊಯ್ದಾಗ ಅಲ್ಲಿಯ ವೈದ್ಯರು ಮೊದಲು ಹುಡುಕುವುದು ಆ ಪುಟ್ಟ ಮಾತ್ರೆಯನ್ನೇ. ರೋಗಿಗೆ ಮಾತನಾಡಲು ಶಕ್ತಿಯಿಲ್ಲ. ಹೆಂಡತಿಗೆ ವಿಷಯವೇ ಗೊತ್ತಿಲ್ಲ. ಮುಚ್ಚಿಟ್ಟ ಗುಟ್ಟು ಕೊಲ್ಲುವುದು ಹೀಗೆ.

ಮಾತ್ರೆ ಸಲ್ಲದವರಿಗೆ ಬೇರೆ ಉಪಾಯಗಳಿವೆ. ಗಾಳಿಯನ್ನು ಹೀರಿ ರಕ್ತ ತುಂಬಿಸುವ ಸಣ್ಣ ಪಂಪು. ಸೂಕ್ಷ್ಮ ಸೂಜಿಯಿಂದ ಸ್ಥಳದಲ್ಲಿಯೇ ಕೊಡುವ ಚುಚ್ಚುಮದ್ದು (ಡಯಾಲಿಸಿಸ್ ವೇಳೆ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟಿರುವುದರಿಂದ ಇದಕ್ಕೆ ದಿನ ನೋಡಿ ಕೊಡಬೇಕು). ಕಡೆಗೆ ಶಸ್ತ್ರಚಿಕಿತ್ಸೆಯಿಂದ ಒಳಗಿಡುವ ಕೃತಕ ಸಾಧನ. ಮೂತ್ರಾಂಗ ಶಸ್ತ್ರವೈದ್ಯರು ಇವುಗಳನ್ನು ಬಲ್ಲರು.

ನಾಚಿಕೆಯ ಬೆನ್ನು ಹತ್ತಿ ಬರುವವರು ಇನ್ನೊಬ್ಬರಿದ್ದಾರೆ. ಜಾತ್ರೆಯ ಬದಿಯಲ್ಲಿ ಡೇರೆ ಹೊಡೆದು, ಗೋಡೆಯ ಮೇಲೆ ‘ಗುಪ್ತರೋಗ’ವೆಂದು ಬಣ್ಣದಲ್ಲಿ ಬರೆಯಿಸಿ, ಈಗ ಕೈಯ ಫೋನಿನೊಳಕ್ಕೂ ನುಗ್ಗಿ ‘ಏಳೇ ದಿನದಲ್ಲಿ ಪುರುಷತ್ವ’ ಮಾರುವವರು. ಕಾಮಶಕ್ತಿ ವೃದ್ಧಿಗೆಂದು ಔಷಧದ ಜಾಹೀರಾತು ನೀಡುವುದನ್ನು ನಮ್ಮ ದೇಶದ ೧೯೫೪ರ ಕಾಯಿದೆಯೇ ನಿಷೇಧಿಸಿದೆ! ಗೋಡೆಗಳಿಗೆ ಕಾಯಿದೆ ಓದಲು ಬರುವುದಿಲ್ಲವೆಂದು ತೋರುತ್ತದೆ. ಹೆಸರು ವಿಳಾಸವಿಲ್ಲದ ಆ ಪುಡಿಗಳಲ್ಲಿ ಏನಿರುತ್ತದೆಂದು ಬಲ್ಲವರಾರು? ಗಿಡಮೂಲಿಕೆಯೆಂದು ಮಾರಿದ ಗುಳಿಗೆಗಳಲ್ಲಿ ಸಿಲ್ಡೆನಾಫಿಲನ್ನೇ ಗುಟ್ಟಾಗಿ ಬೆರೆಸಿದ್ದುದು ಅಮೆರಿಕದ ಔಷಧ ಇಲಾಖೆಯ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಸಾರ್ಬಿಟ್ರೇಟ್ ಸೇವಿಸುವವನಿಗೆ ಅದರಿಂದಾಗುವ ಗತಿಯನ್ನು ಮೇಲೆ ಹೇಳಿದೆ. ಇನ್ನು ಪಾದರಸ, ಸೀಸ ಬೆರೆತ ಪುಡಿಗಳು ಮೂತ್ರಪಿಂಡಕ್ಕೇ ವಿಷ. ಪಾದರಸವಿದ್ದ ನಾಟಿ ಔಷಧಗಳ ಸೇವನೆಗೂ ಮೂತ್ರದಲ್ಲಿ ಪ್ರೋಟೀನು ಸೋರುವ ಒಂದು ಬಗೆಯ ಮೂತ್ರಪಿಂಡದ ರೋಗಕ್ಕೂ ಇರುವ ನಂಟನ್ನು ವೈದ್ಯರು ೨೦೨೨ರಲ್ಲಿ ಪ್ರಕಟಿಸಿದ್ದಾರೆ. ಉಳಿದಿದ್ದ ಅರ್ಧ ಮೂತ್ರಪಿಂಡವನ್ನೂ ಮಾರಿ ಪುರುಷತ್ವ ಕೊಳ್ಳುವ ವ್ಯಾಪಾರವಿದು.

ಮೂತ್ರಪಿಂಡದ ಕಸಿಯಾದರೆ ಎಷ್ಟೋ ಜನರಲ್ಲಿ ಹಾರ್ಮೋನುಗಳು ಸಮಸ್ಥಿತಿಗೆ ಮರಳಿ ದಾಂಪತ್ಯವೂ ಚೇತರಿಸುತ್ತದೆ, ಎಲ್ಲರಲ್ಲಿಯೂ ಅಲ್ಲ. ಸಕ್ಕರೆ ಕಾಯಿಲೆ ಮೊದಲೇ ನರ, ನಾಳಗಳನ್ನು ಕೆಡಿಸಿದ್ದರೆ ಕಸಿಯೊಂದರಿಂದಲೇ ಅದು ಸರಿಹೋಗದು. ಜಗತ್ತಿನ ಮೊದಲ ಯಶಸ್ವಿ ಮೂತ್ರಪಿಂಡ ಕಸಿ ನಡೆದುದು ಅದೇ ೧೯೫೪ರ ಡಿಸೆಂಬರಿನಲ್ಲಿ, ಬಾಸ್ಟನ್ ನಗರದಲ್ಲಿ. ಅವಳಿ ತಮ್ಮಂದಿರಲ್ಲಿ ಒಬ್ಬನಾದ ರಿಚರ್ಡ್ ಹೆರಿಕ್‌ಗೆ ಮತ್ತೊಬ್ಬ ಅವಳಿ ತನ್ನ ಒಂದು ಮೂತ್ರಪಿಂಡವನ್ನು ಕೊಟ್ಟನು. ಸಾವಿನ ಅಂಚಿನಲ್ಲಿದ್ದ ರಿಚರ್ಡ್ ಚೇತರಿಸಿಕೊಂಡು, ತನ್ನನ್ನು ಆರೈಕೆ ಮಾಡಿದ ದಾದಿಯನ್ನೇ ಮದುವೆಯಾಗಿ, ಇಬ್ಬರು ಮಕ್ಕಳ ತಂದೆಯಾಗಿ, ಎಂಟು ವರ್ಷ ಬಾಳಿದನು. ಶಸ್ತ್ರಚಿಕಿತ್ಸೆ ಮಾಡಿದ ಜೋಸೆಫ್ ಮರೆ ಅವರಿಗೆ ೧೯೯೦ರಲ್ಲಿ ನೊಬೆಲ್ ಪಾರಿತೋಷಕ ಬಂದುದನ್ನು ಎಲ್ಲರೂ ಬರೆಯುತ್ತಾರೆ. ಆ ಮದುವೆಯ ಸಂಗತಿಯನ್ನು ನಾನು ಅದಕ್ಕಿಂತ ಮುಖ್ಯವೆಂದು ಎಣಿಸುತ್ತೇನೆ.

ನಮ್ಮ ಜಗಲಿಯ ಯಜಮಾನನಿಗೆ ಕಸಿ ದೊರೆಯುವುದೋ ಇಲ್ಲವೋ. ಅದಕ್ಕೆ ಕಾಯುವವರ ಸಾಲು ಉದ್ದ. ಅಷ್ಟರವರೆಗೆ ಅವನು ಮಾಡಬಹುದಾದುದು ಸುಲಭ. ಮುಂದಿನ ಸರದಿಗೆ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ಸಂತೆಯಲ್ಲಿ ಕೊಂಡ ಪುಡಿಯನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಲಿ. ಕೋಣೆಯಲ್ಲಿ ಎಲ್ಲರ ಎದುರಿಗೆ ಹೇಳಬೇಕಾಗಿಲ್ಲ. ಒಂದು ನಿಮಿಷ ಬೇರೆಯಾಗಿ ಮಾತನಾಡಬೇಕೆಂದರೆ ಸಾಕು. ದೊಡ್ಡ ದೊಡ್ಡ ಶಬ್ದಗಳೂ ಬೇಡ. “ಡಾಕ್ಟ್ರೇ, ಮನೇಲಿ ಮೊದಲಿನ ಹಾಗಿಲ್ಲ” ಎಂದರೆ ಯಾವ ವೈದ್ಯರಿಗೂ ಅರ್ಥವಾಗುತ್ತದೆ. ನಿದ್ದೆಯಲ್ಲೋ ಮುಂಜಾವಿನಲ್ಲೋ ದೇಹ ತಾನಾಗಿ ನಿಮಿರುವುದುಂಟೆ ಎಂದು ಅವರು ಕೇಳಿಯಾರು. ಉಂಟೆಂದರೆ ಯಂತ್ರಾಂಗ ಬಹುಮಟ್ಟಿಗೆ ನೆಟ್ಟಗಿದೆಯೆಂದು ಗುರುತು. ಆಗ ಧೈರ್ಯ ಹೇಳುವ ಮಾತೇ ಅರ್ಧ ಔಷಧ.

ಹೆಂಡತಿಯನ್ನು ಜತೆಗೆ ಕರೆದೊಯ್ದರೆ ಇನ್ನೂ ಒಳ್ಳೆಯದು. ತನ್ನ ಗಂಡನ ಮನಸ್ಸು ಕೆಟ್ಟಿಲ್ಲ, ರಕ್ತ ಕೆಟ್ಟಿದೆ ಎಂಬುದನ್ನು ಅವಳು ವೈದ್ಯರ ಬಾಯಿಂದಲೇ ಕೇಳಬೇಕು. ಅವಳು ಕೇಳಿ ತಿಳಿಯಬೇಕಾದ ಸಣ್ಣ ಸಂಗತಿಗಳೂ ಇವೆ. ಡಯಾಲಿಸಿಸ್ ಮುಗಿದ ದಿನ ಅವನಿಗೆ ಬೇಕಾದುದು ನಿದ್ದೆ. ಮಾರನೆಯ ದಿನ ಮೈ ಹಗುರವಾಗಿರುತ್ತದೆ. ಫಿಸ್ಟುಲಾ ಮಾಡಿರುವ ತೋಳಿನ ಮೇಲೆ ಭಾರ ಬೀಳಬಾರದು. ಬರೆದುಕೊಟ್ಟ ಮಾತ್ರೆ ಯಾವುದು, ನುಂಗಿದ್ದು ಎಷ್ಟು ಗಂಟೆಗೆ ಎಂಬುದು ಅವಳಿಗೆ ತಿಳಿದಿರಬೇಕು. ‘ಸಾರ್ಬಿಟ್ರೇಟ್ ಕೊಡಬಾರದು’ ಎಂದು ವೈದ್ಯರಿಂದಲೇ ಒಂದು ಚೀಟಿ ಬರೆಯಿಸಿಕೊಂಡು ಅವನ ಅಂಗಿಯ ಜೇಬಿನಲ್ಲಿ ಒಂದನ್ನು, ತನ್ನ ಕೈಚೀಲದಲ್ಲಿ ಇನ್ನೊಂದನ್ನು ಇಟ್ಟುಕೊಳ್ಳಬೇಕು.